ಹರಿವಾಣದಲ್ಲಿ ಮಲ್ಲಿಗೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಡ್ಡಿಯುಳ್ಳ ಹೂವನ್ನು ಹುಡುಕಿಕೊಂಡು ಹೋದವನು ನಗೆಗೀಡಾಗದೆ ಹಿಂದಿರುಗಲಾರ. 2024ರ ಏಪ್ರಿಲ್ ತಿಂಗಳಿನ ಒಂದು ಬೆಳಗ್ಗೆ, ಆರೂವರೆಯ ವೇಳೆಗೆ, ನಾನು ಈ ಸಾಹಸಕ್ಕೆ ಕೈಹಾಕಿದೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕು, ತೂಗುಬಿಟ್ಟ ಬಾಳೆಗೊನೆಗಳನ್ನೂ ಗೋಪುರದಂತೆ ಒಟ್ಟಿದ ಕುಂಕುಮದ ರಾಶಿಗಳನ್ನೂ ದಾಟಿ ಹೂವಿನ ಸಾಲಿಗೆ ಬಂದೆ. ಅಲ್ಲಿ ಹೂವಿಗೇನು ಬರ! ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ, ಚೆಂಡುಹೂ, ಗುಲಾಬಿ. ನಡುನಡುವೆ ಹಸುರಿಗಾಗಿ ಮರುಗ, ದವನ, ಪತ್ರೆ. ಆದರೆ ಎಲ್ಲವೂ ಬಿಡಿಹೂ, ಇಲ್ಲವೇ ಕಟ್ಟಿದ ಹೂ. ಬುಟ್ಟಿಯಲ್ಲಿದ್ದುದು ತೂಕಕ್ಕೆ, ಒದ್ದೆ ಬಟ್ಟೆಯ ಕೆಳಗಿದ್ದುದು ಮೊಳಕ್ಕೆ, ಮಾರಿಗೆ. ಕಡ್ಡಿಯ ಸಮೇತ ಕಣ್ಣಿಗೆ ಬಿದ್ದದ್ದು ಒಂದು ಮೂಲೆಯಲ್ಲಿ ಸುಗಂಧರಾಜ ಮಾತ್ರ.

"ಹೂದಾನಿಯಲ್ಲಿ ಇಡೋದಕ್ಕೆ ಕಡ್ಡಿ ಇರೋ ಹೂ ಬೇಕಿತ್ತಲ್ಲಮ್ಮ" ಎಂದು ಒಬ್ಬಾಕೆಯನ್ನು ಕೇಳಿದೆ. ಆಕೆ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸದೆಯೇ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದಳು.

"ಕಡ್ಡಿ ಯಾಕೆ ಸ್ವಾಮಿ? ದೇವರು ಕಡ್ಡಿ ಮುಡೀತಾನಾ?"

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನೊಡನೆಯೇ ಮನೆಗೆ ಬಂದಿತು; ಮುಂದಿನ ಐದು ವಾರ ನನ್ನನ್ನು ಬಿಡಲಿಲ್ಲ.

ನಾನು ಬೇಸಿಗೆಯ ರಜೆಯಲ್ಲಿ ಅಗ್ರಹಾರದಲ್ಲಿರುವ ಅಕ್ಕನ ಮನೆಗೆ ಬಂದುದು ತೈಲವರ್ಣದಲ್ಲಿ ಹೂಗಳ ಚಿತ್ರ ಬರೆಯುವುದನ್ನು ಕಲಿಯುವುದಕ್ಕಾಗಿ. ಮೇಜಿನ ಮೇಲೆ ಹೂವು, ಹಣ್ಣು, ಪಾತ್ರೆಗಳನ್ನು ಜೋಡಿಸಿಟ್ಟುಕೊಂಡು ಬರೆಯುವ ಈ ಬಗೆಯ ಚಿತ್ರವನ್ನು ಇಂಗ್ಲಿಷಿನವರು 'ಸ್ಟಿಲ್ ಲೈಫ್' ಎನ್ನುತ್ತಾರೆ; ಆ ಮಾತು ಡಚ್ಚರಿಂದ ಬಂದದ್ದು. ಫ್ರೆಂಚರು ಅದನ್ನೇ 'ಮೃತ ಪ್ರಕೃತಿ' ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಒಬ್ಬರಿಗೆ ಕದಲದ ಜೀವ, ಇನ್ನೊಬ್ಬರಿಗೆ ಸತ್ತ ಜೀವ! ಕನ್ನಡದಲ್ಲಿ 'ಸ್ತಬ್ಧಚಿತ್ರ' ಎನ್ನೋಣವೆಂದರೆ, ಮೈಸೂರಿನವರಿಗೆ ಆ ಶಬ್ದ ಕೇಳಿದೊಡನೆ ದಸರಾ ಮೆರವಣಿಗೆಯ ಲಾರಿಗಳು ನೆನಪಾಗುತ್ತವೆ. ಆದುದರಿಂದ ಕನ್ನಡ ಮೇಷ್ಟ್ರಾದ ನಾನೂ ಇಂಗ್ಲಿಷಿನ ಹೆಸರಿಗೇ ಶರಣಾಗಬೇಕಾಯಿತು. ಓದುಗರು ಕ್ಷಮಿಸಬೇಕು.

ಕಲಿಯಬೇಕೆಂಬ ಹಂಬಲಕ್ಕೆ ಕಾರಣವಿತ್ತು. ನಮ್ಮ ತಾಯಿ 2023ರ ಮಳೆಗಾಲದಲ್ಲಿ ತೀರಿಕೊಂಡರು. ಪ್ರತಿ ಸಂಜೆ ಜಗಲಿಯ ಮೇಲೆ ಕುಳಿತು, ಮುಂದೆ ಹಿತ್ತಾಳೆಯ ಹರಿವಾಣವನ್ನಿಟ್ಟುಕೊಂಡು ಅವರು ಮಲ್ಲಿಗೆ ಕಟ್ಟುತ್ತಿದ್ದರು. ಆ ಹರಿವಾಣ ಅಕ್ಕನ ಪಾಲಿಗೆ ಬಂದಿತು. ವೈದಿಕವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಒಂದು ರಾತ್ರಿ, ತಾಯಿಯ ಮಡಿಲಲ್ಲಿ ಬೀಳುತ್ತಿದ್ದ ಆ ಮಾಲೆಯನ್ನು ಮನಸ್ಸಿನಲ್ಲಿ ಕಾಣಲು ಯತ್ನಿಸಿದೆ. ಕಾಣಲಿಲ್ಲ. 'ಬಿಳಿಯದು' ಎಂಬ ಮಾತು ಬಂದಿತು, 'ಪರಿಮಳದ್ದು' ಎಂಬ ಮಾತು ಬಂದಿತು, ಹೂವು ಬರಲಿಲ್ಲ. ಹತ್ತು ವರ್ಷಗಳಿಂದ ತರಗತಿಯಲ್ಲಿ ಪಂಪನ ಬನವಾಸಿಯ ವರ್ಣನೆಯನ್ನು ಪಾಠ ಹೇಳುತ್ತಿರುವವನು ನಾನು. 1942ರಲ್ಲಿ ಹೊರಬಂದ 'ಮೈಸೂರು ಮಲ್ಲಿಗೆ'ಯ ಪದ್ಯಗಳನ್ನು ಪುಸ್ತಕವಿಲ್ಲದೆ ಹೇಳಬಲ್ಲೆ. ಆದರೂ ಒಂದು ಮೊಗ್ಗಿನ ತೊಟ್ಟಿನ ಬಣ್ಣ ಯಾವುದೆಂದು ಯಾರಾದರೂ ಕೇಳಿದ್ದರೆ ಉತ್ತರ ಹೊಳೆಯುತ್ತಿರಲಿಲ್ಲ.

ಗುರುಗಳು ದೊರೆತದ್ದು ಭಾವನವರ ಪರಿಚಯದಿಂದ. ಚಾಮರಾಜಪುರದಲ್ಲಿ ಹಳೆಯ ಹೆಂಚಿನ ಮನೆಯೊಂದರಲ್ಲಿರುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಎಪ್ಪತ್ತೆಂಟರ ವಯಸ್ಸು. ಬಲಗೈ ಸ್ವಲ್ಪ ನಡುಗುತ್ತದೆ. ಕುಂಚ ಕ್ಯಾನ್ವಾಸಿಗೆ ತಾಗಿದ ಕ್ಷಣ ನಡುಕ ನಿಲ್ಲುತ್ತದೆ. ಹೆಸರು ಬರೆಯಕೂಡದೆಂದು ಅವರ ಅಪ್ಪಣೆ. ಅವರು ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು, ನಾನು ಅವರನ್ನು 'ಮೇಷ್ಟ್ರೇ' ಎನ್ನುತ್ತಿದ್ದೆ. ಅವರ ಮೊಮ್ಮಗಳಿಗೆ ಇದೊಂದು ತಮಾಷೆ.

ಕಡ್ಡಿಯ ಹೂ ಸಿಗಲಿಲ್ಲವೆಂಬ ನನ್ನ ದೂರನ್ನು ಕೇಳಿ ಅವರು, "ಸಿಗದೇ ಇದ್ದದ್ದು ಒಳ್ಳೇದೇ ಆಯಿತು. ಹೂದಾನಿ ಯಾರದು? ನಿಮ್ಮ ಮನೇಲಿ ಯಾರಾದರೂ ಹೂದಾನೀಲಿ ಹೂ ಇಡ್ತಿದ್ದರಾ?" ಎಂದರು. ಇರಲಿಲ್ಲ. ನಮ್ಮ ಮನೆಯಲ್ಲಿದ್ದ ಒಂದೇ ಹೂದಾನಿಯಲ್ಲಿ ಪ್ಲಾಸ್ಟಿಕ್ ಗುಲಾಬಿಗಳಿದ್ದುವು. ಅದೂ ಯಾರೋ ಮದುವೆಯಲ್ಲಿ ಕೊಟ್ಟದ್ದು. ನಮ್ಮಲ್ಲಿ ಹೂವು ಇರುವುದು ತಟ್ಟೆಯಲ್ಲಿ, ಬುಟ್ಟಿಯಲ್ಲಿ, ಎಲೆಯ ಮೇಲೆ, ಮುಡಿಯಲ್ಲಿ, ದೇವರ ಪಟದ ಮೇಲೆ. ನಿಂತಿರುವ ಹೂವಲ್ಲ, ಮಲಗಿರುವ ಹೂವು. ಮರುದಿನವೇ ಅಕ್ಕನನ್ನು ಕೇಳಿ ಹರಿವಾಣವನ್ನು ತಂದೆ. ಅವರ ಮನೆಯ ಉತ್ತರದ ಕಿಟಕಿಯ ಬಳಿ ಸಣ್ಣ ಮೇಜು, ಅದರ ಮೇಲೆ ಬೂದುಬಣ್ಣದ ಬಟ್ಟೆ, ಬಟ್ಟೆಯ ಮೇಲೆ ಹರಿವಾಣ, ಹರಿವಾಣದಲ್ಲಿ ಸುರುಳಿಯಾಗಿ ಎರಡು ಮಾರು ಮಲ್ಲಿಗೆ, ಪಕ್ಕದಲ್ಲಿ ಮೂರು ಹಳದಿ ಸೇವಂತಿಗೆ. ಉತ್ತರದ ಕಿಟಕಿಯೇ ಏಕೆಂದರೆ ಅಲ್ಲಿ ಬಹುಮಟ್ಟಿಗೆ ನೇರ ಬಿಸಿಲು ಬೀಳದೆ, ನೆರಳುಗಳು ಗಂಟೆಗೊಂದು ಕಡೆ ಓಡಾಡುವುದಿಲ್ಲ.

ಮೊದಲ ದಿನ ಬಣ್ಣವನ್ನು ಮುಟ್ಟಗೊಡಲಿಲ್ಲ. ಒಂದು ಮೊಗ್ಗನ್ನು ಅಂಗೈಯಲ್ಲಿಟ್ಟು, "ಅರ್ಧ ಗಂಟೆ ನೋಡಿ. ಯಾವ ಯಾವ ಬಣ್ಣ ಇದೆ ಹೇಳಿ. ಬಿಳಿ ಅಂತ ಮಾತ್ರ ಹೇಳಬೇಡಿ" ಎಂದು ಕಾಫಿಗೆ ಹೊರಟುಹೋದರು. ಐದು ನಿಮಿಷ ಅದು ಬಿಳಿಯಾಗಿಯೇ ಇದ್ದಿತು. ಆಮೇಲೆ ತೊಟ್ಟಿನ ಕಡೆಯ ತಿಳಿಹಸುರು ಮೇಲೇರಿ ಬಿಳುಪಿನೊಳಗೆ ಕರಗುವುದು ಕಂಡಿತು. ಎಸಳಿನ ಹೊರಮೈಯಲ್ಲಿ ನಸುಗೆಂಪಿನ ಒಂದು ಗೆರೆ. ಕಿಟಕಿಯ ಕಡೆಗೆ ಆಕಾಶದ ನೀಲಿ. ಕೆಳಗೆ, ನನ್ನ ಅಂಗೈಯ ಬಣ್ಣವೇ ಹೂವಿನ ನೆರಳಿಗೆ ಹತ್ತಿ ಬೆಚ್ಚನೆಯ ಕಂದು. ಅಪ್ಪಟ ಬಿಳಿ ಎಲ್ಲಿದೆಯೆಂದು ಹುಡುಕಿದರೆ, ಸಾಸಿವೆಯಷ್ಟು ಜಾಗದಲ್ಲಿ ಮಾತ್ರ. ಮೇಷ್ಟ್ರು ಹಿಂದಿರುಗಿದಾಗ ನಾನು ಆರು ಬಣ್ಣ ಎಣಿಸಿದ್ದೆ. "ಪರವಾಗಿಲ್ಲ, ನಾಳೆ ಎಂಟು ಕಾಣಿಸುತ್ತೆ" ಎಂದರು.

ಇಷ್ಟು ತಿಳಿದೂ ಮೂರನೆಯ ದಿನ ತಪ್ಪು ಮಾಡಿದೆ. ನೆರಳಿಗೆಂದು ಬಿಳಿಗೆ ಕಪ್ಪು ಬೆರೆಸಿದೆ. ಮಲ್ಲಿಗೆ ಹೋಗಿ, ದೀಪ ಒರಸಿದ ಹತ್ತಿಯ ಉಂಡೆಗಳು ಹರಿವಾಣದಲ್ಲಿ ಕುಳಿತುವು. ಮೇಷ್ಟ್ರು ಏನೂ ಹೇಳದೆ ಬಟ್ಟೆಯ ಚೂರನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೂರು ಗಂಟೆಯ ಕೆಲಸವನ್ನು ಒಂದೇ ಏಟಿಗೆ ಒರಸಿಬಿಟ್ಟರು. ಬಿಳಿಯ ನೆರಳು ಕಪ್ಪಿನಿಂದ ಬರುವುದಿಲ್ಲ. ನೀಲಿಗೆ ಕಾವಿಯನ್ನು ಸೇರಿಸಿ, ಅದಕ್ಕೆ ಹಸುರಿನ ಸೋಂಕು ಕೊಟ್ಟು, ಆಮೇಲೆ ಬಿಳಿಯನ್ನು ಹಾಕಿದರೆ ಬರುತ್ತದೆ. ಹಾಗೆಯೇ ಹಿತ್ತಾಳೆಯ ಹೊಳಪೂ ಹಳದಿಯಿಂದ ಬರುವುದಿಲ್ಲ. ಕಂದು, ಕಡುಗಂದು, ಹಸುರುಗಂದು ಎಂದು ಕತ್ತಲನ್ನೇ ಹಚ್ಚಿಕೊಂಡು ಹೋಗಿ, ಕೊನೆಯಲ್ಲಿ ಅಂಚಿನ ಮೇಲೆ ತಿಳಿಹಳದಿಯ ಒಂದೇ ಚುಕ್ಕಿ ಇಟ್ಟಾಗ ಇಡೀ ಪಾತ್ರೆ ಥಟ್ಟನೆ ಲೋಹವಾಗಿಬಿಡುತ್ತದೆ. ಆ ಚುಕ್ಕಿ ಇಟ್ಟ ದಿನ ನನಗಾದ ಹಿಗ್ಗನ್ನು ಹೇಳಲು ಹೋಗುವುದಿಲ್ಲ, ಎಂ.ಎ. ಫಲಿತಾಂಶ ಬಂದ ದಿನವೂ ಅಷ್ಟು ಆಗಿರಲಿಲ್ಲ.

ತೈಲವರ್ಣದ ಗುಟ್ಟೆಲ್ಲ ಅದರ ನಿಧಾನದಲ್ಲಿದೆ. ನೀರಿನ ಬಣ್ಣ ಒಣಗುವುದು ನೀರು ಆರಿಹೋಗುವುದರಿಂದ. ಅಗಸೆಯೆಣ್ಣೆ ಹಾಗೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾದ ಪೊರೆಯಾಗುತ್ತದೆ. ಇದಕ್ಕೆ ದಿನಗಟ್ಟಲೆ, ದಪ್ಪನಾಗಿ ಹಚ್ಚಿದ್ದಾದರೆ ವಾರಗಟ್ಟಲೆ ಬೇಕು. ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಒಣಗುವುದೂ ಇಲ್ಲ. ಉಂಬರ್ ಎಂಬ ಕಂದು ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಟೈಟೇನಿಯಂ ಬಿಳಿ ತಡಮಾಡುತ್ತದೆ. ಆದುದರಿಂದ ಮೊದಲು ಉಂಬರನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ ಬೆಳಕು-ನೆರಳಿನ ದೊಡ್ಡ ತುಂಡುಗಳನ್ನು ಮಾತ್ರ ಹಚ್ಚಬೇಕು. ಅದು ಒಣಗಿದ ಮೇಲೆ, ಪದರದಿಂದ ಪದರಕ್ಕೆ ಎಣ್ಣೆಯನ್ನು ಹೆಚ್ಚಿಸುತ್ತ ಹೋಗಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಹೆಚ್ಚಾಗಿ ಮೇಲಿನದರಲ್ಲಿ ಕಡಿಮೆಯಾದರೆ ಮೇಲಿನದು ಮೊದಲೇ ಬಿಗಿದುಕೊಂಡು, ಮುಂದೆಂದೋ ಬಿರುಕು ಬಿಡುತ್ತದೆ. ಬರಿಯ ಬಟ್ಟೆಯ ಮೇಲೆ ಎಣ್ಣೆಯ ಬಣ್ಣ ಹಚ್ಚಿದರೆ ಕಾಲಾಂತರದಲ್ಲಿ ಬಟ್ಟೆಯೇ ಪುಡಿಯಾಗುತ್ತದೆಂದು, ಮೊದಲು ಅಂಟಿನ ಲೇಪ, ಅದರ ಮೇಲೆ ಬಿಳಿಯ ಲೇಪ. ಇನ್ನೊಂದು ಎಚ್ಚರಿಕೆಯನ್ನೂ ಗೃಹಿಣಿಯರಿಗಾಗಿ ಹೇಳಿಬಿಡುತ್ತೇನೆ: ಅಗಸೆಯೆಣ್ಣೆಯಲ್ಲಿ ನೆನೆದ ಬಟ್ಟೆಯ ಚೂರುಗಳನ್ನು ಒಟ್ಟಿ ಮೂಲೆಯಲ್ಲಿ ಬಿಟ್ಟರೆ, ಒಳಗೇ ಕಾವೇರಿ ತಾವೇ ಹೊತ್ತಿಕೊಳ್ಳಬಲ್ಲುವು. ಮೇಷ್ಟ್ರು ಪ್ರತಿ ಸಂಜೆ ಅವುಗಳನ್ನು ನೀರಿನ ಬಕೆಟ್ಟಿಗೆ ಹಾಕಿಯೇ ಬಾಗಿಲು ಹಾಕುತ್ತಿದ್ದರು. ಅಕ್ಕನಿಗಂತೂ ನನ್ನ ಅಂಗಿಯ ಟರ್ಪೆಂಟೈನ್ ವಾಸನೆಯೇ ಸಾಕಾಗಿತ್ತು. ಆ ಅಂಗಿಯೊಡನೆ ಅಡುಗೆಮನೆಗೆ ಪ್ರವೇಶವಿರಲಿಲ್ಲ.

ಇತ್ತ ಬಣ್ಣಕ್ಕೆ ವಾರ ಬೇಕು, ಅತ್ತ ಮಲ್ಲಿಗೆಗೆ ಒಂದು ದಿನದ ಆಯುಷ್ಯವೂ ಇಲ್ಲ. ಬೆಳಗ್ಗೆ ತಂದಾಗ ಬಿಗಿದ ಮೊಗ್ಗು. ಮಧ್ಯಾಹ್ನಕ್ಕೆ ತುದಿ ಸಡಿಲಿಸುತ್ತದೆ. ದೀಪ ಹಚ್ಚುವ ಹೊತ್ತಿಗೆ ಅರಳುತ್ತದೆ. ಮರುದಿನ ಮುಟ್ಟಿದ ಕಡೆಯೆಲ್ಲ ಕಂದು. ಸೇವಂತಿಗೆ ಪಾಪ, ವಾರದವರೆಗೆ ಮುಖ ಕೆಡಿಸಿಕೊಳ್ಳದೆ ಕುಳಿತಿರುತ್ತದೆ. ಮೊದಮೊದಲು ನಾನು ಹೂವಿನೊಡನೆ ಓಟಕ್ಕೆ ನಿಂತೆ, ಸೋತೆ. ಬೆಳಗ್ಗೆ ಬರೆದ ಮೊಗ್ಗನ್ನು ಸಂಜೆ ತಿದ್ದಲು ಹೋದರೆ ಅಲ್ಲಿರುವುದು ಬೇರೆ ಹೂವು!

ನಾನು ಕೈಚೆಲ್ಲಿ ಕುಳಿತ ಹೊತ್ತಿನಲ್ಲಿ ಮೇಷ್ಟ್ರು ಪುಸ್ತಕವೊಂದನ್ನು ತೆಗೆದು ಯಾನ್ ವಾನ್ ಹೌಸುಮ್ ಎಂಬ ಡಚ್ಚನ ಚಿತ್ರವನ್ನು ತೋರಿಸಿದರು. 1682ರಿಂದ 1749ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಾಳಿದವನು. ಹೂವಿನ ಚಿತ್ರಕ್ಕೆ ಅವನ ಕಾಲದಲ್ಲಿ ಅವನಿಗೆ ಸಮಾನರು ಕಡಿಮೆ. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಅವನು ಬರೆದ ಮಣ್ಣಿನ ಹೂದಾನಿಯ ಚಿತ್ರವೊಂದಿದೆ; ಅದರ ಮೇಲೆ ಒಂದಲ್ಲ, ಎರಡು ಇಸವಿಗಳಿವೆ: 1736 ಮತ್ತು 1737. ಒಂದು ವಸಂತದಲ್ಲಿ ಬರುವ ಹೂವು, ಇನ್ನೊಂದು ಬೇಸಿಗೆಯ ಕೊನೆಗೆ ಬರುವ ಹೂವು, ಎರಡನ್ನೂ ಒಟ್ಟಿಗೆ ಅರಳಿಸಬೇಕಾದರೆ ಋತುಗಳು ತಿರುಗಿ ಬರುವವರೆಗೆ ಕಾಯಬೇಕು. ಹಳದಿ ಗುಲಾಬಿ ದೊರೆಯದೆ ಚಿತ್ರ ನಿಂತುಹೋಗಿದೆಯೆಂದು ಅವನು 1742ರಲ್ಲಿ ಕಾಗದ ಬರೆದದ್ದುಂಟು. ಅದೇ ಊರಿನಲ್ಲಿ ರಾಕೆಲ್ ರೌಷ್ ಎಂಬ ಮಹಿಳೆ ಹತ್ತು ಮಕ್ಕಳ ತಾಯಿಯಾಗಿದ್ದೂ ಎಂಬತ್ತು ದಾಟಿದ ಮೇಲೂ ಹೂಗಳನ್ನು ಬರೆಯುತ್ತಿದ್ದಳು. ಮನೆಗೆಲಸದಲ್ಲಿ ಬಿಡುವಿಲ್ಲವೆನ್ನುವ ನಮ್ಮಂಥ ಗಂಡಸರು ಕೇಳಿಸಿಕೊಳ್ಳಬೇಕಾದ ಮಾತು. ಅವರ ಚಿತ್ರಗಳಲ್ಲಿ ನಾವು ಕಾಣುವ ಹೂಗುಚ್ಛ ಯಾವ ದಿನವೂ ಯಾವ ಮೇಜಿನ ಮೇಲೂ ಹಾಗೆ ಇದ್ದದ್ದಲ್ಲ.

"ನೀವೂ ಹಾಗೇ ಮಾಡಿ. ದಿನಾ ಹೊಸ ಹೂ ತನ್ನಿ. ದಿನಕ್ಕೆ ಒಂದು ಗೇಣು ಬರೆಯಿರಿ" ಎಂದರು ಮೇಷ್ಟ್ರು.

ಹೀಗೆ ನನ್ನ ಬೆಳಗಿನ ಯಾತ್ರೆ ನಿತ್ಯದ್ದಾಯಿತು. ಅಗ್ರಹಾರದಿಂದ ಹೊರಟು, ಅರಮನೆಯ ಕೋಟೆಗೋಡೆಯ ಪಕ್ಕದಲ್ಲಿ ಸಾಗಿ, ದೊಡ್ಡ ವೃತ್ತದಲ್ಲಿ ನಾಲ್ವಡಿಯವರ ಪ್ರತಿಮೆಯನ್ನು ಬಳಸಿಕೊಂಡು ಮಾರುಕಟ್ಟೆ. ಏಳು ಗಂಟೆಯೊಳಗೆ ಮೈಸೂರಿಗೊಂದು ಬೆಳಕಿದೆ. ಚಾಮುಂಡಿಬೆಟ್ಟದ ಮೇಲಿನ ಮಬ್ಬು ಇನ್ನೂ ಎದ್ದಿರುವುದಿಲ್ಲ, ಅರಮನೆಯ ಕೆಂಪು ಗುಮ್ಮಟಗಳಿಗೆ ಮಾತ್ರ ಬಿಸಿಲು ತಾಗಿರುತ್ತದೆ. ಮೂವತ್ತು ಸಲ ಮೈಸೂರಿಗೆ ಬಂದವನು ನಾನು. ಆ ನೆರಳು ಬೂದಿಯಲ್ಲ, ನೇರಳೆ ಎಂಬುದನ್ನು ಈ ಸಲವೇ ಕಂಡದ್ದು. ಮಾರುಕಟ್ಟೆಯ ಉತ್ತರದ ಬಾಗಿಲಿನ ಕಡೆಯ ಭಾಗ 2016ರಲ್ಲಿ ಕುಸಿದುಬಿದ್ದಿತ್ತು. ಅದನ್ನೆಲ್ಲ ನೋಡಿಯೂ ನೋಡದವರಂತೆ ಹೂವಿನವರು ತಮ್ಮ ತಮ್ಮ ಹಲಗೆಯ ಮೇಲೆ ಕುಳಿತು ಮಾರು ಹಾಕುತ್ತಿದ್ದರು. ಮಾರು ಎಂದರೆ ಚಾಚಿದ ಎರಡು ತೋಳುಗಳ ಅಳತೆ. ಕೊಳ್ಳುವವರು ಉದ್ದ ತೋಳಿನವರನ್ನು ಹುಡುಕಿಕೊಂಡು ಹೋಗುವುದು ಸಹಜ. ಕಡ್ಡಿಯ ಪ್ರಶ್ನೆ ಕೇಳಿದಾಕೆಯ ತೋಳು ಗಿಡ್ಡ. ಆದರೂ ನಾನು ಆಕೆಯ ಬಳಿಯೇ ಕೊಳ್ಳುತ್ತಿದ್ದೆ. ಎರಡನೆಯ ವಾರ ಆಕೆ, "ಚಿತ್ರ ಆಯ್ತಾ ಸ್ವಾಮಿ?" ಎಂದು ಕೇಳಿದಳು. ಇಲ್ಲವೆಂದೆ. "ಒಂದು ಮಾರಿಗೆ ಇಷ್ಟು ದಿವಸವಾ!" ಎಂದಳು.

ಭಾನುವಾರಗಳಂದು ಜಗನ್ಮೋಹನ ಅರಮನೆಗೆ ಹೋಗುತ್ತಿದ್ದೆ. 1861ರಲ್ಲಿ ಕಟ್ಟಿದ ಆ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಅಲ್ಲಿ ಎಲ್ಲರೂ ಮುತ್ತಿಕೊಳ್ಳುವುದು ಹಲ್ದಣಕರರ 'ದೀಪಧಾರಿಣಿ'ಯನ್ನು. ಕತ್ತಲೆಯ ಕೋಣೆಯಲ್ಲಿ ಕೈಯಿಂದ ದೀಪವನ್ನು ಮರೆಮಾಡಿಕೊಂಡು ನಿಂತ ಹೆಣ್ಣು. ಜನ ಅದನ್ನು ರವಿವರ್ಮನದೆಂದೂ ತೈಲಚಿತ್ರವೆಂದೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಎರಡೂ ತಪ್ಪು, ಅದು ನೀರಿನ ಬಣ್ಣದಲ್ಲಿ ಕಾಗದದ ಮೇಲೆ ಬರೆದದ್ದು, ದೀಪ ಹಿಡಿದಾಕೆ ಕಲಾವಿದರ ಮಗಳು. ನಾನು ಮಾತ್ರ ರವಿವರ್ಮನ ಚಿತ್ರಗಳ ಮುಂದೆ ನಿಂತು ಹೂಗಳನ್ನೇ ಹುಡುಕುತ್ತಿದ್ದೆ. ಅವನು ತೈಲವರ್ಣವನ್ನು ಕಲಿತ ಕಥೆ ನನಗೆ ಧೈರ್ಯ ಕೊಟ್ಟಿತು. ತಿರುವನಂತಪುರದ ಆಸ್ಥಾನದಲ್ಲಿ ಆ ವಿದ್ಯೆ ಬಲ್ಲವರು ಹೇಳಿಕೊಡಲು ಒಪ್ಪಲಿಲ್ಲವೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರ ಅಲ್ಲಿಗೆ ಬಂದಾಗ, ಅವನು ಬರೆಯುವುದನ್ನು ನೋಡಿ ನೋಡಿಯೇ ಕಲಿಯಬೇಕಾಯಿತು. ಐದು ವರ್ಷಗಳ ಮೇಲೆ, 1873ರಲ್ಲಿ, ಮದರಾಸಿನ ಪ್ರದರ್ಶನದಲ್ಲಿ ರವಿವರ್ಮನಿಗೆ ಚಿನ್ನದ ಪದಕ ತಂದುಕೊಟ್ಟ ಚಿತ್ರ ಯಾವುದು ಗೊತ್ತೆ? ನಾಯರ್ ಸ್ತ್ರೀಯೊಬ್ಬಳು ಮುಡಿಗೆ ಹೂವಿನ ಮಾಲೆಯನ್ನು ಮುಡಿಯುತ್ತಿರುವುದು. ಅಲ್ಲಿಯೂ ಹೂವು ಹೂದಾನಿಯಲ್ಲಿಲ್ಲ.

ಹನ್ನೆರಡು ದಿನಗಳ ಹನ್ನೆರಡು ಮಾಲೆಗಳು ಸೇರಿ ಕ್ಯಾನ್ವಾಸಿನ ಮೇಲೆ ಒಂದು ಮಾಲೆಯಾಯಿತು. ಎಲ್ಲ ಮೊಗ್ಗುಗಳನ್ನೂ ಒಂದೇ ಸಮನಾಗಿ ಬಿಡಿಸಬಾರದೆಂದು ಕಲಿತೆ. ಮುಂದಿನ ನಾಲ್ಕೈದನ್ನು ಸ್ಪಷ್ಟವಾಗಿ ಬರೆದು, ಉಳಿದವುಗಳ ಅಂಚನ್ನು ನೆರಳಿನಲ್ಲಿ ಕಳೆದುಬಿಟ್ಟರೆ ಕಣ್ಣು ತಾನೇ ಎಣಿಸಿಕೊಳ್ಳುತ್ತದೆ. ಮೇ ತಿಂಗಳ ಕೊನೆಯ ವಾರ ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆಳೆದು ಬಹಳ ಹೊತ್ತು ನೋಡಿ, "ಹಿತ್ತಾಳೆ ಚೆನ್ನಾಗಿದೆ" ಎಂದರು. ಮಲ್ಲಿಗೆಯ ವಿಷಯ ಎತ್ತಲಿಲ್ಲ. ಮನೆಗೆ ಒಯ್ಯಲು ಅಪ್ಪಣೆ ಕೊಟ್ಟರು. ಬಿಳಿ ಇನ್ನೂ ಹಸಿಯಾಗಿದೆ, ಯಾರೂ ಮುಟ್ಟದಿರಲಿ, ಆರು ತಿಂಗಳಾಗುವವರೆಗೆ ವಾರ್ನಿಷ್ ಬೇಡ ಎಂದರು. ಆಟೋರಿಕ್ಷಾದಲ್ಲಿ ಅದನ್ನು ಮಡಿಲ ಮೇಲೆ ಕೂಸಿನಂತೆ ಹಿಡಿದುಕೊಂಡು ಬಂದು, ನಡುಮನೆಯಲ್ಲಿ ಗೋಡೆಗೆ ಒರಗಿಸಿಟ್ಟೆ.

ಅಕ್ಕ ಒದ್ದೆಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಬಂದಳು. ಹರಿವಾಣವನ್ನು ಕಂಡೊಡನೆ ಅವಳ ಕಣ್ಣು ತುಂಬಿತು. ಅಂಚಿನಲ್ಲಿದ್ದ ನಗ್ಗು — ನಾನು ಚಿಕ್ಕಂದಿನಲ್ಲಿ ಅದನ್ನು ಬಾವಿಕಟ್ಟೆಯ ಮೇಲಿಂದ ಬೀಳಿಸಿ ಆದದ್ದು — ಅದನ್ನೂ ಬರೆದಿದ್ದೆ. ಅಕ್ಕ ಕುಳಿತುಕೊಂಡಳು. ಮುಖವನ್ನು ಹತ್ತಿರಕ್ಕೆ ತಂದು ಮಾಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಇದು ದಾರದಲ್ಲಿ ಕಟ್ಟಿರೋದು" ಎಂದಳು.

"ಹೌದು. ಮಾರ್ಕೆಟ್ಟಿನಲ್ಲಿ ಹಾಗೇ ಕಟ್ಟೋದು."

"ಅಮ್ಮ ಯಾವತ್ತಾದರೂ ದಾರದಲ್ಲಿ ಕಟ್ಟಿದ್ದು ನೋಡಿದ್ದೀಯೇನೋ? ಬಾಳೇನಾರು ಅಲ್ಲವಾ? ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ಒತ್ತೊತ್ತಾಗಿ, ತೊಟ್ಟು ಕಾಣಿಸಬಾರದು. ಇಲ್ಲಿ ನೋಡು, ಎಲ್ಲ ತೊಟ್ಟೂ ಕಾಣಿಸ್ತಿದೆ. ಇದು ಅಮ್ಮನ ಮಾಲೆ ಅಲ್ಲ."

ಅವಳು ಹೇಳಿದ್ದು ನಿಜ. ನಾನು ಐದು ವಾರ ಕಣ್ಣಿಟ್ಟು ನೋಡಿದ್ದು ಮಾರುವ ಹೂವನ್ನು; ಬೇಗ ಬೇಗ, ಮೊಗ್ಗು ಉಳಿಸಿ, ಮಾರು ಹೆಚ್ಚಿಸಿ ಕಟ್ಟಿದ ಹೂವನ್ನು. ಆ ತೊಟ್ಟುಗಳ ಹಸುರಿಗಾಗಿ ನಾನು ಎರಡು ದಿನ ಬಣ್ಣ ಬೆರೆಸಿದ್ದೆ. ತಾಯಿಯ ಮಾಲೆಯಲ್ಲಿ ಆ ಹಸುರು ಇರಲೇ ಇಲ್ಲ. ಇದ್ದುದು ನಾರಿನ ತೆಳುಗಂದು, ಅದೂ ಅಲ್ಲೊಂದು ಇಲ್ಲೊಂದು ಕಡೆ. ಅಕ್ಕ ಹೇಳುತ್ತಿದ್ದಂತೆ ಅದು ನನ್ನ ಕಣ್ಣಿಗೂ ಬಂದಿತು. ಮೇಷ್ಟ್ರು ಮಲ್ಲಿಗೆಯ ಮಾತೆತ್ತದಿದ್ದುದೇಕೆಂದು ಆಮೇಲೆ ಯೋಚಿಸಿದೆ. ಅವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಬಹುಶಃ ಬೇರೆ ತಪ್ಪುಗಳಿದ್ದುವೇನೋ.

ಟೈಟೇನಿಯಂ ಬಿಳಿ ನಿಧಾನವಾಗಿ ಒಣಗುವುದರ ಉಪಕಾರ ಆ ರಾತ್ರಿ ತಿಳಿಯಿತು. ಹಳೆಯ ವೃತ್ತಪತ್ರಿಕೆಯನ್ನು ಹಾಸಿಕೊಂಡು, ಬಣ್ಣದ ಚಾಕುವನ್ನು ಓರೆಯಾಗಿ ಹಿಡಿದು, ಮಾಲೆಯನ್ನು ಒಂದು ಕಡೆಯಿಂದ ಕೆರೆದು ತೆಗೆದೆ. ಹರಿವಾಣ ಉಳಿಯಿತು, ಸೇವಂತಿಗೆ ಉಳಿಯಿತು, ನಡುವೆ ಮಲ್ಲಿಗೆಯ ಜಾಗದಲ್ಲಿ ಮೊದಲ ದಿನದ ಉಂಬರಿನ ಕಂದು ಕಾಣಿಸಿಕೊಂಡಿತು. ಭಾವನವರು, "ಚೆನ್ನಾಗಿತ್ತಲ್ಲ, ಯಾಕೆ ಕೆಡಿಸಿದಿರಿ?" ಎಂದು ನಿಜವಾಗಿಯೂ ನೊಂದುಕೊಂಡರು.

ಕಾಲೇಜು ತೆರೆಯಲು ಇನ್ನು ಒಂಬತ್ತು ದಿನಗಳಿದ್ದುವು. ಬೆಳಗ್ಗೆ ಮಾರುಕಟ್ಟೆಗೆ ಹೋದಾಗ ಗಿಡ್ಡ ತೋಳಿನಾಕೆ ಎಂದಿನಂತೆ ಮಾಲೆಯನ್ನು ಎತ್ತಿ ಅಳೆಯತೊಡಗಿದಳು. ಬೇಡ, ಬಿಡಿಮೊಗ್ಗು ಕಾಲು ಕಿಲೋ ಕೊಡಿ ಎಂದೆ. ಮನೆಗೆ ಬರುವಷ್ಟರಲ್ಲಿ ಅಕ್ಕ ಬಾಳೆಯ ನಾರನ್ನು ಸೀಳಿ ಚೊಂಬಿನ ನೀರಿನಲ್ಲಿ ನೆನೆಹಾಕಿದ್ದಳು. ಹರಿವಾಣವನ್ನು ಮುಂದಿಟ್ಟುಕೊಂಡು ಕುಳಿತು, "ನಾನು ಕಟ್ಟಿಕೊಡೋಲ್ಲ. ನೀನೇ ಕಟ್ಟು. ಎರಡು ಈ ಕಡೆ, ಎರಡು ಆ ಕಡೆ" ಎಂದಳು.